ಫ್ರೇಮಿಗೆ ಸಲ್ಲದ ಹೆಂಡತಿ

ಚಳಿಗಾಲದಲ್ಲಿ ಹಿಮ ಬೀಳುವ ಆ ಬೆಟ್ಟದೂರಿನ ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಚೆಕಿಂಗಮ್ಮ ಎಂದೇ ಕರೆಯುತ್ತಿದ್ದರು. ಟಿಕೆಟ್ ತಪಾಸಣೆ ಅವಳ ಕೆಲಸ. ನಡುದಾರಿಯಲ್ಲಿ ಬಸ್ಸು ಹತ್ತುವುದು, ಹಿಂದಿನ ಸೀಟಿನಿಂದ ಮುಂದಕ್ಕೆ ಬರುತ್ತ ಒಬ್ಬೊಬ್ಬರ ಮುಂದೆಯೂ ಮಾತಿಲ್ಲದೆ ಕೈ ಚಾಚುವುದು. ಟಿಕೆಟ್ ಇಲ್ಲದವನು ಯಾರೆಂದು ಅವನ ಹಿಂದಲೆ ನೋಡಿದರೇ ಅವಳಿಗೆ ತಿಳಿದುಹೋಗುತ್ತಿತ್ತು. ಅಂಥವನು ಇದ್ದಕ್ಕಿದ್ದಂತೆ ಕಿಟಕಿಯಾಚೆಯ ದೃಶ್ಯದಲ್ಲಿ ಮುಳುಗಿಬಿಡುತ್ತಾನೆ. ಹುಟ್ಟಿದಾಗಿನಿಂದ ಮರವನ್ನೇ ಕಾಣದವನಂತೆ ಮರ ನೋಡುತ್ತಾನೆ, ಮೋಡ ನೋಡುತ್ತಾನೆ. ಹೀಗಾಗಿ ಪ್ರಕೃತಿಯನ್ನು ಕಣ್ಣರಳಿಸಿ ನೋಡುವವರನ್ನು ಕಂಡರೆ ಅವಳಿಗೆ ಮೊದಲಿಂದಲೂ ಅನುಮಾನ.

ಅಂಥವಳ ಗಂಡನಿಗೇ ಪ್ರಕೃತಿಯ ಹುಚ್ಚು ಹಿಡಿಯಿತು. ಅವನು ಔಷಧಿ ಅಂಗಡಿಯವನು. ಅರ್ಧ ಆಯಸ್ಸನ್ನು ಗುಳಿಗೆ ಪಟ್ಟಿ ಕತ್ತರಿಸುವುದರಲ್ಲೇ ಕಳೆದಿದ್ದ. ತಲೆ ನೆರೆಯುವ ಹೊತ್ತಿಗೆ ಅದೆಲ್ಲಿಂದಲೋ ಒಂದು ಕ್ಯಾಮೆರಾ ತಂದ. ತಂದ ವಾರದಲ್ಲೇ ಒಂದು ಬಳಗಕ್ಕೆ ಸೇರಿದ. ಹವ್ಯಾಸಿ ಛಾಯಾಗ್ರಾಹಕರ ಬಳಗವಂತೆ. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದು, ವಾರವಿಡೀ ತೆಗೆದ ಫೋಟೋಗಳನ್ನು ಟಿ.ವಿ.ಗೆ ಹಾಕಿ ಒಬ್ಬರಿಗೊಬ್ಬರು ತೋರಿಸುವುದು. 'ಯಾರಾದರೊಬ್ಬರ ಮನೆ' ಎಂಬುದು ಬರಬರುತ್ತ 'ಚೆಕಿಂಗಮ್ಮನ ಮನೆ' ಎಂದೇ ಆಯಿತು. ಅವರ ಟಿ.ವಿ. ದೊಡ್ಡದಿತ್ತು, ಸೋಫಾ ಉದ್ದವಿತ್ತು, ಮತ್ತು ಚಹಾ ಕೇಳದೆಯೇ ಬರುತ್ತಿತ್ತು.

ಬಂದವರನ್ನು ಅವಳು ಮೊದಲ ದಿನವೇ ಅಳೆದು ಬಿಸಾಕಿದ್ದಳು. ಅಧ್ಯಕ್ಷರು ಕಾಲೇಜಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಎರಡು ಕೈಗಳ ಬೆರಳುಗಳಿಂದ ಚೌಕ ಮಾಡಿ, ಒಂದು ಕಣ್ಣು ಮುಚ್ಚಿ, ಆ ಚೌಕದೊಳಗಿಂದ ಲೋಕವನ್ನು ನೋಡುವವರು. ಸಂಯೋಜನೆ ಎಂಬ ಪದವಿಲ್ಲದೆ ಅವರ ಬಾಯಿಂದ ಒಂದು ವಾಕ್ಯವೂ ಹೊರಬೀಳುತ್ತಿರಲಿಲ್ಲ. ಚಹಾದ ಕಪ್ಪು ಬಿಸ್ಕತ್ತಿನ ತಟ್ಟೆ ಎರಡನ್ನೂ ಅವರು ಸಂಯೋಜನೆ ಮಾಡಿಕೊಂಡೇ ಖಾಲಿ ಮಾಡುತ್ತಿದ್ದರು. ಆಮೇಲೆ ಹಲ್ಲಿನ ಡಾಕ್ಟರು. ಕೂಸನ್ನು ಹೊತ್ತಂತೆ ತೋಳಿನಲ್ಲಿ ಹೊರಬೇಕಾದಷ್ಟು ಉದ್ದದ ಲೆನ್ಸು ಅವರದು. ಅದರಲ್ಲಿ ಅವರು ಮೈಲಿ ದೂರದ ಕಾಗೆಯ ಮೂಗಿನ ತೂತನ್ನು ತೆಗೆಯುತ್ತಿದ್ದರು. ಕಾಗೆಯ ಮೂಗಿನ ತೂತು ಯಾರಿಗೆ ಬೇಕಾಗಿತ್ತು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಮೂರನೆಯವಳು ಅವಳ ನಾದಿನಿ, ಗಂಡನ ತಂಗಿ, ಶಾಲೆಯಲ್ಲಿ ಸಂಗೀತದ ಟೀಚರು. ಅವಳು ಫೋಟೋ ತೆಗೆಯುತ್ತಿದ್ದುದು ಕಡಿಮೆ, ಉಳಿದವರ ಫೋಟೋಗಳಿಗೆ ಹೆಸರಿಡುತ್ತಿದ್ದುದೇ ಹೆಚ್ಚು. ಒಣಗಿದ ಹುಲ್ಲುಕಡ್ಡಿಗೆ 'ವಿರಹ' ಎನ್ನುವಳು, ಕೊಚ್ಚೆಯಲ್ಲಿ ನಿಂತ ಬಾತುಕೋಳಿಗೆ 'ಧ್ಯಾನ' ಎನ್ನುವಳು.

ಕೊನೆಯವನು ಒಬ್ಬ ವಿಮಾ ಏಜೆಂಟ್. ಮೆತ್ತನೆಯ ದೇಹ, ಮೆತ್ತನೆಯ ದನಿ. ಯಾವ ಫೋಟೋ ಬಂದರೂ 'ಸೂಪರ್' ಎಂದುಬಿಡುತ್ತಿದ್ದ. ಕತ್ತಲಾಗಿ ಬಂದ ಫೋಟೋಕ್ಕೂ ಸೂಪರ್, ಅಲುಗಾಡಿದ ಫೋಟೋಕ್ಕೂ ಸೂಪರ್. ಒಮ್ಮೆ ಅಧ್ಯಕ್ಷರ ಹೆಬ್ಬೆರಳೇ ಅಡ್ಡ ಬಂದು ಪರದೆಯೆಲ್ಲ ಕೆಂಪಾದಾಗಲೂ ಆತ ಸೂಪರ್ ಎಂದ; ಅಧ್ಯಕ್ಷರು ಮುಂದಿನದಕ್ಕೆ ಹೋಗುವ ಮೊದಲು ಒಂದು ಗಳಿಗೆ ಯೋಚಿಸಿದರು. ಹೀಗಾಗಿ ಅವನ ಹೆಸರೇ ಸೂಪರ್ ಆಗಿಬಿಟ್ಟಿತ್ತು. ಎಲ್ಲರಿಗಿಂತ ಹೆಚ್ಚು ತಾತ್ಸಾರ ಅವಳಿಗೆ ಇವನ ಮೇಲೆ. ಉಳಿದವರಿಗೆ ಹೋಗಲಿ, ಹೆತ್ತವರಿಗೆ ಹೆಗ್ಗಣ ಮುದ್ದು. ಊರವರ ಹೆಗ್ಗಣಗಳನ್ನೆಲ್ಲ ಮುದ್ದು ಮಾಡುವ ಇವನಿಗೇನು ಬಂದಿದೆ ಎಂದುಕೊಳ್ಳುತ್ತಿದ್ದಳು.

ಚಳಿಗಾಲ ಬಂತೆಂದರೆ ಬಳಗಕ್ಕೆ ಮೈಮೇಲೆ ಬಂದಂತೆ. ಇಬ್ಬನಿ ಬಿದ್ದ ಜೇಡರ ಬಲೆ, ಮಂಜಿನಲ್ಲಿ ಮಸುಕಾದ ಒಂಟಿ ಮರ, ಹೆಪ್ಪುಗಟ್ಟಿದ ಹನಿ. ಅದೇ ಬಲೆ, ಅದೇ ಮರ, ಅದೇ ಹನಿ. ಊರಾಚೆಯ ಆ ಒಂಟಿ ಮರವನ್ನು ಐದೂ ಜನ ಸುತ್ತಿ ಸುತ್ತಿ ತೆಗೆದು ಅದರ ಒಂಟಿತನವನ್ನೇ ಹಾಳುಮಾಡಿದ್ದರು. ನೀ ನನಗಿದ್ದರೆ ನಾ ನಿನಗೆ ಎಂಬಂತೆ ಇವರ ಹನಿಯನ್ನು ಅವರು ಹೊಗಳುವರು, ಅವರ ಬಲೆಯನ್ನು ಇವರು ಹೊಗಳುವರು. ಅವಳು ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವಳು. ಕಪ್ಪುಗಳನ್ನು ತಂದಿಡುವುದಕ್ಕಿಂತ ಎತ್ತಿಕೊಳ್ಳುವಾಗ ಹೆಚ್ಚು ಸದ್ದು ಮಾಡುವಳು.

ಆ ವರ್ಷ ಫ್ರೀಜರಿನಲ್ಲಿ ಎಲೆಗಳು ಕಾಣಿಸಿಕೊಂಡವು. ಬಟಾಣಿಯ ಪೊಟ್ಟಣ ತೆಗೆಯಲು ಕೈ ಹಾಕಿದರೆ ನೀರು ಚಿಮುಕಿಸಿ ಹೆಪ್ಪುಗಟ್ಟಿಸಿದ ಎಲೆಗಳು ಸಾಲಾಗಿ ಮಲಗಿದ್ದವು. ಅವುಗಳ ಹಿಂದೆ ಗುಳಿಗೆಯ ಡಬ್ಬಿ. ಅದರೊಳಗೆ ರೆಕ್ಕೆ ಬಿಚ್ಚಿದ ಒಂದು ಚಿಟ್ಟೆ. ಗಂಡನನ್ನು ಕರೆದು ಕೇಳಿದಳು. ಅದು ತಾನಾಗೇ ಸತ್ತಿದ್ದು ಎಂದ ಅವನು.

"ಸತ್ತಮೇಲೆ ಫ್ರಿಜ್ಜಿಗೆ ನಡ್ಕೊಂಡು ಬಂತಾ?"

ಮುಂದಿನ ಭಾನುವಾರ ಆ ಚಿಟ್ಟೆ ಟಿ.ವಿ.ಯ ತುಂಬ ಕೂತಿತ್ತು. ಮೈಮೇಲೆಲ್ಲ ಸಕ್ಕರೆಯಂಥ ಹಿಮದ ಹರಳು. ನಾದಿನಿ ಉಸಿರೆಳೆದುಕೊಂಡು 'ಮುಂಜಾವಿನ ಮೌನ' ಎಂದಳು. ಎಷ್ಟು ಹೊತ್ತು ಕಾದಿರಿ ಎಂದು ಅಧ್ಯಕ್ಷರು ಕೇಳಿದರು. ಕಾಯುವುದೇ ತಪಸ್ಸು ಸರ್ ಎಂದ ಗಂಡ, ದನಿಯನ್ನು ಸ್ವಲ್ಪ ಇಳಿಸಿ. ಅಡುಗೆಮನೆಯಿಂದ ಪಾತ್ರೆಯೊಂದು ಬಿದ್ದ ಸದ್ದು ಬಂತು. ಅದು ತಾನಾಗಿ ಬಿದ್ದದ್ದಲ್ಲ.

ಜನವರಿಯ ಕಡುಚಳಿಯಲ್ಲಿ ಬಳಗ ಒಂದು ಪ್ರವಾಸ ಹೊರಟಿತು. ಊರಿನಿಂದ ದೂರ, ಗುಡ್ಡಗಳ ನಡುವೆ ಒಂದು ಕೆರೆ ಪೂರ್ತಿ ಹೆಪ್ಪುಗಟ್ಟಿದೆಯಂತೆ, ಅದರ ಅಂಚಿನ ಆಪು ಹುಲ್ಲಿನ ಮೇಲೆ ಹಿಮ ಕೂತು ಗಾಜಿನ ತೋಟದಂತೆ ಕಾಣುತ್ತದಂತೆ. ಗಂಡನಿಗೆ ಮಂಡಿನೋವು. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಹೊರಲು, ಫ್ಲಾಸ್ಕಿನಿಂದ ಚಹಾ ಬಗ್ಗಿಸಲು ಒಬ್ಬರು ಬೇಕಾಗಿತ್ತು. ನಿನಗೂ ರಜೆ ಇದೆಯಲ್ಲ, ನಾಲ್ಕು ಜನರ ಜೊತೆ ಬೆರೆತ ಹಾಗೂ ಆಗುತ್ತದೆ ಎಂದು ಅವನು ಬೆಣ್ಣೆ ಹಚ್ಚಿದ. ಬೆಣ್ಣೆ ಯಾಕೆ ಬಂತೆಂದು ತಿಳಿದೇ ಅವಳು ಹೊರಟಳು. ಮಂಡಿನೋವಿನ ಮನುಷ್ಯನನ್ನು ಆ ಹಿಂಡಿನ ಕೈಗೆ ಒಪ್ಪಿಸಿ ಮನೆಯಲ್ಲಿ ಕೂರುವ ಧೈರ್ಯ ಅವಳಿಗಿರಲಿಲ್ಲ.

ಅವಳಲ್ಲಿ ಬೆಚ್ಚಗಿನ ಜಾಕೆಟ್ಟೆಂದು ಇದ್ದುದು ಡಿಪೋದವರು ಕೊಟ್ಟದ್ದೊಂದೇ. ಕಡು ಕಿತ್ತಳೆ ಬಣ್ಣ, ಎದೆಯ ಮೇಲೂ ತೋಳಿನ ಮೇಲೂ ಬೆಳಕಿಗೆ ಹೊಳೆಯುವ ಬೆಳ್ಳಿಪಟ್ಟಿ. ವ್ಯಾನಿನಿಂದ ಇಳಿದ ಕೂಡಲೇ ಅದು ಎಲ್ಲರ ಕಣ್ಣಿಗೆ ಮುಳ್ಳಾಯಿತು. ಬಿಳಿಯ ಕೆರೆ, ಬೂದು ಆಕಾಶ, ನಡುವೆ ಅವಳು. ಡಾಕ್ಟರು ನೊಣ ಓಡಿಸುವವರಂತೆ ಕೈಯಾಡಿಸಿ, ಮೇಡಂ ಸ್ವಲ್ಪ ಆ ಕಡೆ ಎಂದರು. ಆ ಕಡೆ ಹೋದರೆ ಅಧ್ಯಕ್ಷರು ಬೆರಳಿನ ಚೌಕದೊಳಗಿಂದ ನೋಡಿ, ಅಲ್ಲಿ ಬೇಡ ಎಂದರು. ನಾದಿನಿ ಬಂದು, ಅತ್ತಿಗೆ, ಬೇಜಾರಿಲ್ಲದಿದ್ರೆ ಆ ಬಂಡೆ ಹಿಂದೆ ಕೂತ್ಕೊಳ್ಳಿ ಎಂದು ಮೆಲ್ಲಗೆ ಹೇಳಿದಳು. ಅವಳು ಬಂಡೆಯ ಹಿಂದೆ ಕೂತಳು. ಸೂಪರ್ ಬಂದು ಪಕ್ಕದಲ್ಲಿ ನಿಂತ. ಅವನ ಕ್ಯಾಮೆರಾದ ಬ್ಯಾಟರಿ ಚಳಿಗೆ ಸತ್ತಿತ್ತು. ಬಿಸ್ಕತ್ತು ಇದೆಯಾ ಅಕ್ಕ ಎಂದು ಕೇಳಿದ. ಅವಳು ಪೊಟ್ಟಣ ಚಾಚಿದಳು.

ದಡದಿಂದ ಸ್ವಲ್ಪ ಒಳಗೆ, ಒಂದು ಹುಲ್ಲಿನ ತೆನೆ ಮಂಜುಗಡ್ಡೆಯೊಳಗೆ ಹಾಗೇ ಬಾಗಿ ನಿಂತಿತ್ತು. ಗಂಡನ ಕಣ್ಣು ಅದರ ಮೇಲೆ ಬಿತ್ತು. ದಡದಿಂದ ತೆಗೆಯಬಹುದಿತ್ತು. ಆದರೆ ಡಾಕ್ಟರಿಗಿದ್ದ ಉದ್ದನೆಯ ಲೆನ್ಸು ಅವನಿಗಿರಲಿಲ್ಲ, ಡಾಕ್ಟರಿಗಿಂತ ಹತ್ತಿರ ಹೋಗುವ ಆಸೆಯಿತ್ತು. ಕೆರೆ ಗಟ್ಟಿಯಾಗಿದೆ ಎಂದು ಅಧ್ಯಕ್ಷರು ಅಭಯ ಕೊಟ್ಟರು, ಭೂಗೋಳ ಓದಿದವರಲ್ಲವೇ. ಅವಳು ಬಂಡೆಯ ಹಿಂದಿನಿಂದ ಎದ್ದು ನಿಂತು, ರೀ, ಅಲ್ಲೇ ನಿಲ್ಲಿ ಎಂದು ಕೂಗುವಷ್ಟರಲ್ಲಿ ಹಳೆಯ ಮಂಚ ಮುರಿದಂಥ ಸದ್ದಾಯಿತು. ಗಂಡ ಎದೆಮಟ್ಟ ನೀರಿನಲ್ಲಿದ್ದ.

ಒಂದು ಕೈ ಮಂಜುಗಡ್ಡೆಯ ಅಂಚನ್ನು ಹಿಡಿಯಲು ನೋಡುತ್ತಿತ್ತು, ಅಂಚು ಬಿಸ್ಕತ್ತಿನಂತೆ ಮುರಿದು ಬರುತ್ತಿತ್ತು. ಇನ್ನೊಂದು ಕೈ ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದಿತ್ತು. ಅವಳು ಓಡಿದಳು. ಓಡುತ್ತಲೇ ತಾನು ಹೊತ್ತು ತಂದಿದ್ದ ಸ್ಟ್ಯಾಂಡಿನ ಕಾಲುಗಳನ್ನು ಎಳೆದು ಉದ್ದ ಮಾಡಿದಳು, ಅಂಚಿನಿಂದ ಅಷ್ಟು ದೂರದಲ್ಲೇ ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಕೆಳಗೆ ಮಂಜುಗಡ್ಡೆ ಕಿರ್ರ್ ಎನ್ನುತ್ತಿತ್ತು. ಅವಳಿಗೆ ಹಿಂದಿನಿಂದ ಯಾರೋ ತನ್ನ ಕಾಲಿನ ಗಿಣ್ಣುಗಳನ್ನು ಗಟ್ಟಿಯಾಗಿ ಹಿಡಿದದ್ದು ಗೊತ್ತಾಯಿತು. ಯಾರೆಂದು ತಿರುಗಿ ನೋಡುವ ಹೊತ್ತಲ್ಲ. ದಡದಿಂದ ಅಧ್ಯಕ್ಷರ ದನಿ ಕೇಳಿಸಿತು: ಯಾರೂ ಅಡ್ಡ ಬರಬೇಡಿ, ಯಾರೂ ಅಡ್ಡ ಬರಬೇಡಿ. ಮಂಜುಗಡ್ಡೆಯ ಮೇಲೆ ಭಾರ ಬೀಳಬಾರದೆಂದು ಹಾಗೆ ಹೇಳಿದೆ ಎಂದು ಅವರು ಆಮೇಲೆ ವಿವರಿಸಿದರು. ಆ ದನಿಯ ಜೊತೆಗೇ ಇನ್ನೊಂದು ಸದ್ದೂ ಕೇಳುತ್ತಿತ್ತು. ಕ್ಲಿಕ್, ಕ್ಲಿಕ್, ಕ್ಲಿಕ್.

ಅವಳು ಸ್ಟ್ಯಾಂಡನ್ನು ಮುಂದೆ ಚಾಚಿದಳು. ಗಂಡ ಒಂದೇ ಕೈಯಲ್ಲಿ ಅದನ್ನು ಹಿಡಿದ. ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಇನ್ನೊಂದು ಕೈ ಆಕಾಶದಲ್ಲೇ ಇತ್ತು.

"ಆ ಡಬ್ಬಿ ಬಿಡ್ತೀರೋ, ಇಲ್ಲಾ ನಾನು ನಿಮ್ಮನ್ನ ಬಿಡಲೋ?"

ಅವನು ಕ್ಯಾಮೆರಾವನ್ನು ಬಿಡಲಿಲ್ಲ. ಮಂಜುಗಡ್ಡೆಯ ಮೇಲೆ ಅವಳ ಕಡೆಗೆ ಜಾರಿಸಿದ. ಅದು ಅವಳ ಕಿವಿಯ ಪಕ್ಕದಿಂದ ಸುಂಯ್ಯನೆ ಹೋಯಿತು. ಆಮೇಲೆ ಎರಡೂ ಕೈಯಿಂದ ಹಿಡಿದ. ಅವಳು ಎಳೆದಳು, ಅವಳನ್ನು ಹಿಂದಿನವನು ಎಳೆದ. ಮೀನಿನ ಬಲೆ ಎಳೆದಂತೆ, ಇಷ್ಟಿಷ್ಟೇ, ಮೂವರೂ ದಡಕ್ಕೆ ಬಂದು ಬಿದ್ದರು. ಅವಳ ಕಾಲು ಹಿಡಿದಿದ್ದವನು ಸೂಪರ್. ಅವನ ಅಂಗೈ ಸುಲಿದಿತ್ತು, ಗಲ್ಲದ ಮೇಲೆ ಅವಳ ಶೂ ಒದ್ದ ಗುರುತಿತ್ತು, ಬಾಯಿಯ ಅಂಚಿನಲ್ಲಿ ಬಿಸ್ಕತ್ತಿನ ಪುಡಿ ಹಾಗೇ ಇತ್ತು.

ವ್ಯಾನಿನಿಂದ ಕಂಬಳಿ ತಂದು ಹೊದಿಸಿದರು. ಗಂಡನ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟಿಸುತ್ತಿತ್ತು. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಮಾತು ಕೂಡುತ್ತಿರಲಿಲ್ಲ. ಅವಳು ಅವನ ಮುಖದ ಹತ್ತಿರ ಬಗ್ಗಿದಳು. ಅವನ ನೋಟ ಅವಳ ಹೆಗಲ ಮೇಲಿಂದ ದಾಟಿ ಡಾಕ್ಟರನ್ನು ಹುಡುಕುತ್ತಿತ್ತು.

"ಬಂತಾ?" ಎಂದ ಗಂಡ.

"ಬಂತು," ಎಂದರು ಡಾಕ್ಟರು, ಲೆನ್ಸಿನ ಮುಚ್ಚಳ ಹಾಕುತ್ತ. "ತುಂಬ ಚೆನ್ನಾಗಿ ಬಂತು."

ಇಬ್ಬರ ಮುಖವೂ ಬೆಳಗಿತು. ಚೆಕಿಂಗಮ್ಮ ಎದ್ದುಹೋಗಿ ವ್ಯಾನಿನಲ್ಲಿ ಕೂತಳು. ಫ್ಲಾಸ್ಕಿನಲ್ಲಿದ್ದ ಚಹಾವನ್ನು ಒಂದು ಕಪ್ಪು ಗಂಡನಿಗೆ ಕಳಿಸಿದಳು, ಒಂದು ಸೂಪರಿಗೆ ಕೊಟ್ಟಳು, ಉಳಿದದ್ದನ್ನು ತಾನೇ ಕುಡಿದಳು. ಬೇರೆ ಯಾರಿಗೂ ಕೊಡಲಿಲ್ಲ.

ಗಂಡ ಜ್ವರ ಬಂದು ಮಲಗಿದ. ಅವಳು ರಜೆ ಹಾಕಿ ಗಂಜಿ ಬೇಯಿಸಿದಳು, ಎದೆಗೆ ಮುಲಾಮು ತಿಕ್ಕಿದಳು, ಬೈದಳು. ಅವನು ಗಂಜಿಯನ್ನೂ ಬೈಗುಳವನ್ನೂ ಸದ್ದಿಲ್ಲದೆ ನುಂಗಿದ. ಅಷ್ಟು ಹತ್ತಿರದಿಂದ ಸಾವನ್ನು ಕಂಡವನಿಗೆ ಇನ್ನು ಬುದ್ಧಿ ಬಂದೀತು ಎಂದು ಅವಳಿಗೆ ಒಂದು ಆಸೆಯೂ ಹುಟ್ಟಿತು. ನಾಯಿಬಾಲ ನೆಟ್ಟಗಾಗುವ ಆಸೆ ಅದು. ಭಾನುವಾರ ಬಂದಾಗ ಅವನು ಕಂಬಳಿ ಹೊದ್ದುಕೊಂಡೇ ಬಂದು ಸೋಫಾದ ನಡುವೆ ಕೂತ. ಬಳಗ ಅವನ ಎಡಬಲಕ್ಕೆ ಕೂತಿತು. ಡಾಕ್ಟರು ತಮ್ಮ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿದರು.

ಫೋಟೋ ಪರದೆಯ ಮೇಲೆ ಬಂದಾಗ ಅವಳು ಬಾಗಿಲಲ್ಲಿದ್ದಳು. ಎಡಗಡೆ ಒಡೆದ ಮಂಜುಗಡ್ಡೆಯ ಕಪ್ಪು ಬಾಯಿಯಲ್ಲಿ ಗಂಡ, ಎತ್ತಿದ ಕೈಯಲ್ಲಿ ಕ್ಯಾಮೆರಾ. ನಡುವೆ ಸ್ಟ್ಯಾಂಡು. ಬಲಗಡೆ ಹೊಟ್ಟೆಯ ಮೇಲೆ ಮಲಗಿದ ಕಿತ್ತಳೆಯ ಒಂದು ಮುದ್ದೆ, ಅದು ತಾನು. ಅದರ ಹಿಂದೆ ಸೂಪರಿನ ಬೋಳುತಲೆ. ಇವರ ಜನ್ಮದಲ್ಲಿ ಇವರು ತೆಗೆದ ನಿಜವಾದ ಫೋಟೋ ಇದೊಂದೇ ಎಂದು ಅವಳಿಗೆ ಅನ್ನಿಸಿತು.

ಅಧ್ಯಕ್ಷರು ಬೆರಳಿನ ಚೌಕ ಎತ್ತಿದರು. ಕೆರೆಯ ಗೆರೆ ಡೊಂಕಾಗಿದೆ ಎಂದರು. ಡಾಕ್ಟರು ನೆಟ್ಟಗೆ ಮಾಡಿದರು. ಬಲಗಡೆ ಭಾರ ಹೆಚ್ಚಾಗಿದೆ, ಆ ಬಣ್ಣ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ, ನೋಡುವವನ ಮನಸ್ಸು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ ಎಂದರು. ಡಾಕ್ಟರು ತಲೆಯಾಡಿಸಿ ಫೋಟೋದ ಬಲ ಅಂಚನ್ನು ಹಿಡಿದು ಒಳಗೆ ತಳ್ಳತೊಡಗಿದರು. ಮೊದಲು ಸೂಪರಿನ ತಲೆ ಹೋಯಿತು. ಆಮೇಲೆ ಅವಳ ಕಾಲು, ಬೆನ್ನು, ಮುಖ. ಸ್ಟ್ಯಾಂಡು ಹಿಡಿದ ಒಂದು ಕಿತ್ತಳೆ ತೋಳು ಮಾತ್ರ ಉಳಿಯಿತು. ಅದನ್ನು ಅವರು ಇನ್ನೇನೋ ಒತ್ತಿ, ತಿಕ್ಕಿ, ಹಲ್ಲಿನ ಪಾಚಿ ತೆಗೆದಂತೆ ತೆಗೆದುಬಿಟ್ಟರು. ಈಗ ಸ್ಟ್ಯಾಂಡು ಹಿಮದೊಳಗಿಂದ ತಾನಾಗಿ ಹುಟ್ಟಿಬಂದಂತೆ ಕಾಣುತ್ತಿತ್ತು. ಬಿಳಿಯ ಬಯಲಿನಲ್ಲಿ ಒಬ್ಬನೇ ಮನುಷ್ಯ, ಎತ್ತಿದ ಕೈಯಲ್ಲಿ ಕ್ಯಾಮೆರಾ.

"'ಏಕಾಂಗಿ'," ಎಂದಳು ನಾದಿನಿ, ಕಣ್ಣು ಮುಚ್ಚಿ.

ಅಹಹ ಎಂದರು ಅಧ್ಯಕ್ಷರು. ಗಂಡ ಒಮ್ಮೆ ಬಾಗಿಲ ಕಡೆ ನೋಡಿದ. ಹೆಂಡತಿ ನಿಂತದ್ದು ಕಂಡಿತು. ತಕ್ಷಣ ಅವನು ಟಿ.ವಿ.ಯ ಕಡೆ ತಿರುಗಿ ಆ ದೃಶ್ಯದಲ್ಲಿ ಮುಳುಗಿಬಿಟ್ಟ. ಆ ಹಿಂದಲೆಯನ್ನು ಅವಳು ದಿನಕ್ಕೆಷ್ಟೋ ಬಸ್ಸಿನಲ್ಲಿ ನೋಡಿದ್ದಳು.

ಸೂಪರ್ ಎಲ್ಲರಿಗಿಂತ ಕೊನೆಗೆ, ಕೈಗೆ ಸುತ್ತಿದ ಬಟ್ಟೆ ಸರಿಮಾಡಿಕೊಳ್ಳುತ್ತ, ಸೂಪರ್ ಎಂದ.

ಎಲ್ಲರನ್ನೂ ಸಹಿಸಬಹುದು, ಇದನ್ನು ಸಹಿಸಲಾಗಲಿಲ್ಲ. ಅವನು ಹೊರಗೆ ಶೂ ಹಾಕಿಕೊಳ್ಳುವಾಗ ಅವಳು ಹಿಂದೆಯೇ ಹೋದಳು. ನಿಮ್ಮ ತಲೆಯನ್ನೇ ಕತ್ತರಿಸಿ ಎಸೆದರಲ್ಲ, ಅದಕ್ಕೂ ಸೂಪರ್ರಾ ಎಂದು ಕೇಳಿದಳು. ಅವನು ಲೇಸು ಕಟ್ಟುವುದನ್ನು ನಿಲ್ಲಿಸಿ ಬಗ್ಗಿದ ಹಾಗೇ ಹೇಳಿದ.

"ನಂಗೆ ಫೋಟೋ ಅರ್ಥ ಆಗಲ್ಲ ಅಕ್ಕ. ಸೂಪರ್ ಅಂದ್ರೆ ಕೂರಿಸ್ಕೋತಾರೆ. ಭಾನುವಾರ ಮನೇಲಿ ಒಬ್ಬನೇ ಇರಕ್ಕೆ ಆಗಲ್ಲ, ಅದಕ್ಕೆ ಬರ್ತೀನಿ."

ಅವಳ ತಾತ್ಸಾರ ಹೋಗಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದಳು.

ಬಳಗದ ಪ್ರದರ್ಶನ ಊರಿನ ಗ್ರಂಥಾಲಯದ ಹಜಾರದಲ್ಲಿ ನಡೆಯಿತು. ಡ್ಯೂಟಿ ಮುಗಿಸಿಕೊಂಡು ಅವಳು ಹಾಗೇ ಹೋದಳು, ಅದೇ ಕಿತ್ತಳೆ ಜಾಕೆಟ್ಟಿನಲ್ಲಿ. ಗೋಡೆಗಳ ಮೇಲೆ ಹನಿಗಳು, ಬಲೆಗಳು, ಒಂಟಿ ಮರದ ಐದು ಮಗ್ಗುಲು, ಫ್ರೀಜರಿನ ಚಿಟ್ಟೆ. ಎದುರು ಗೋಡೆಯ ನಟ್ಟನಡುವೆ, ಮೇಲಿನಿಂದ ದೀಪ ಬಿಟ್ಟು, 'ಏಕಾಂಗಿ'. ಅದರ ಪಕ್ಕದಲ್ಲಿ ಗಂಡ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು, ಒಬ್ಬ ಹೆಂಗಸಿಗೂ ಅವಳ ಯಜಮಾನನಿಗೂ ವಿವರಿಸುತ್ತಿದ್ದ. ಅಂಥ ನೀರಿನಲ್ಲಿ ಬಿದ್ದಾಗ ಮನುಷ್ಯನಿಗೆ ತನ್ನವರು ಅಂತ ಯಾರೂ ಇರುವುದಿಲ್ಲ, ತಾನು, ತನ್ನ ಕಲೆ, ಎರಡೇ ಎನ್ನುತ್ತಿದ್ದ. ಆ ಹೆಂಗಸು ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದಳು.

ಚೆಕಿಂಗಮ್ಮ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಳು. ಅಭ್ಯಾಸಬಲ ನೋಡಿ, ಅವಳ ಕೈ ತಾನಾಗಿ ಮುಂದೆ ಬಂತು. ಅದನ್ನು ಕಂಡು ಗಂಡನ ಕೈ ತಾನಾಗಿ ಅವನ ಜೇಬಿಗೆ ಹೋಯಿತು.

"ಹೇಳಿ, ಮುಂದೇನಾಯ್ತು? ಮೇಲೆ ಹೇಗೆ ಬಂದ್ರಿ?" ಎಂದು ಕೇಳಿದಳು ಚೆಕಿಂಗಮ್ಮ.

"ಸ್ಟ್ಯಾಂಡ್ ಹಿಡ್ಕೊಂಡು," ಎಂದ ಅವನು.

"ಆ ಕಡೆ ಸ್ಟ್ಯಾಂಡ್ ಹಿಡಿದಿದ್ದು ಯಾರು?"

ಹೆಂಗಸು ಫೋಟೋ ನೋಡಿದಳು, ಜಾಕೆಟ್ಟು ನೋಡಿದಳು. ಅಧ್ಯಕ್ಷರು ಎಲ್ಲಿದ್ದರೋ ಓಡಿಬಂದು, ಬದುಕಿನ ಸತ್ಯ ಬೇರೆ ಕಲೆಯ ಸತ್ಯ ಬೇರೆ ಎಂದು ಶುರುಮಾಡಿದರು. ಅವಳು ಪೂರ್ತಿ ಕೇಳಲಿಲ್ಲ. ಡಾಕ್ಟರ ಬಳಿ ಹೋಗಿ ಕತ್ತರಿಸದ ಫೋಟೋ ಕೊಡಿ ಎಂದಳು. ಅದು ಈಗ ಇಲ್ಲ, ಅಳಿಸಿಹೋಗಿದೆ ಎಂದು ಅವರು ಕಿಟಕಿಯಾಚೆ ನೋಡುತ್ತ ಹೇಳಿದರು.

ಫೋಟೋ ಇದ್ದದ್ದು ಸೂಪರಿನ ಫೋನಿನಲ್ಲಿ. ಬಿದ್ದ ದಿನವೇ ಸಂಜೆ ಡಾಕ್ಟರು ಜಂಬಕ್ಕೆ ಬಳಗದವರಿಗೆಲ್ಲ ಕಳಿಸಿದ್ದರು. ಉಳಿದವರು ಕತ್ತರಿಸಿದ್ದು ಬಂದ ಮೇಲೆ ಇದನ್ನು ಅಳಿಸಿದ್ದರು, ಸೂಪರಿಗೆ ಅಳಿಸುವುದು ಗೊತ್ತಿರಲಿಲ್ಲ. ಅವಳು ಅದನ್ನು ಡಿಪೋದ ಬೋರ್ಡುಗಳನ್ನು ಮುದ್ರಿಸುವವನ ಹತ್ತಿರ ಕೊಟ್ಟು ಬಾಗಿಲಗಲ ಮಾಡಿಸಿದಳು. ಮನೆಯಲ್ಲಿ ನೆಲದ ಮೇಲೆ ಹರಡಿ ಮೊದಲ ಸಲ ತನ್ನ ಮುಖವನ್ನು ನಿಧಾನವಾಗಿ ನೋಡಿದಳು. ಗಾಬರಿ ಇರಬಹುದು, ಕಣ್ಣೀರು ಇರಬಹುದು ಎಂದುಕೊಂಡಿದ್ದಳು. ಎರಡೂ ಇರಲಿಲ್ಲ. ಹುಬ್ಬು ಗಂಟಾಗಿತ್ತು, ಬಾಯಿ ಅಗಲವಾಗಿ ತೆರೆದಿತ್ತು. ನೋಡಿದವರು ಯಾರೇ ಆದರೂ, ಈ ಹೆಂಗಸು ಸಾಯುತ್ತಿರುವವನಿಗೆ ಬೈಯುತ್ತಿದ್ದಾಳೆ ಎಂದು ಹೇಳಬಹುದಿತ್ತು. ಅವಳಿಗೆ ನಗು ಬಂತು. ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಗಂಡ ಊಟಕ್ಕೆ ಮನೆಗೆ ಬಂದ ಹೊತ್ತು ನೋಡಿ ಅವಳು ಔಷಧಿ ಅಂಗಡಿಗೆ ಹೋದಳು. ಕೌಂಟರಿನ ಹಿಂದೆ, ಕೆಮ್ಮಿನ ಸಿರಪ್ಪಿನ ಕಪಾಟಿನ ಮೇಲೆ, ಸ್ಟೂಲು ಹತ್ತಿ ಮೊಳೆ ಹೊಡೆದು ಅದನ್ನು ತೂಗುಹಾಕಿ ಡ್ಯೂಟಿಗೆ ಹೋದಳು.

ಗಂಡ ಊಟ ಮುಗಿಸಿ ಬಂದು ಅದನ್ನು ನೋಡುವ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕಿತ್ತೆಸೆಯಲು ಸ್ಟೂಲಿಗೆ ಕೈ ಹಾಕಿದವನನ್ನು ಕೆಮ್ಮಿನ ಮುದುಕಿಯೊಬ್ಬಳು ತಡೆದಳು. ಇದು ನೀವೇನಾ ಎಂದಳು. ಹೌದು ಎನ್ನಬೇಕಾಯಿತು. ಎಳೆಯುತ್ತಿರುವುದು ಯಾರು ಎಂದಳು. ನಮ್ಮ ಮನೆಯವಳು ಎನ್ನಬೇಕಾಯಿತು. ಅವಳ ಕಾಲು ಹಿಡಿದವರು? ಸ್ನೇಹಿತರು. ಮುದುಕಿ ಕೆಮ್ಮುತ್ತಲೇ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿ, ಕ್ಯಾಮೆರಾ ಯಾಕೆ ಮೇಲೆ ಹಿಡ್ಕೊಂಡಿದೀರಿ ಎಂದಳು. ಅವನು ಸಿರಪ್ಪು ಹುಡುಕತೊಡಗಿದ. ಸಂಜೆಯ ತನಕ ಬಂದವರೆಲ್ಲ ಅದನ್ನೇ ಕೇಳಿದರು. ಹಜಾರದ 'ಏಕಾಂಗಿ'ಯನ್ನು ನೋಡಿದವರಿಗಿಂತ ನೆಗಡಿ ಬಂದವರು ಊರಿನಲ್ಲಿ ಎಷ್ಟೋ ಹೆಚ್ಚು.

ರಾತ್ರಿಯ ಊಟಕ್ಕೆ ಕೂತಾಗ ಅವನು ತಟ್ಟೆ ಸರಿಸಿದ. ಊರ ಮುಂದೆ ನನ್ನ ಮರ್ಯಾದೆ ತೆಗೆದೆ ಎಂದ.

"ನಿಮ್ಮ ಮರ್ಯಾದೆ ಕೆರೇಲೇ ಉಳೀತು," ಎಂದಳು ಅವಳು, ಪಲ್ಯ ಬಡಿಸುತ್ತ. "ಎರಡನ್ನೂ ಎಳ್ಕೊಂಡು ಬರೋ ಶಕ್ತಿ ನಂಗಿರಲಿಲ್ಲ. ನಿಮ್ಮನ್ನ ಮಾತ್ರ ತಂದೆ."

ಅವನು ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಸ್ವಲ್ಪ ಹೊತ್ತು ಇಬ್ಬರೂ ಉಂಡರು. ಆಮೇಲೆ ಅವನು ತಲೆಯೆತ್ತದೆ, ತಟ್ಟೆಗೇ ಹೇಳುವವನಂತೆ ಹೇಳಿದ: "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಕಣೇ. ಅದಕ್ಕೇ ಕ್ಯಾಮೆರಾ ಬಿಡಲಿಲ್ಲ."

ಇದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ತಾನು ಇದ್ದದ್ದೇ ಹೀಗೆ, ಇವನ ಒಂದು ಕೈ ಬಿಡುವಾಗಿರಲಿ ಎಂದು, ಎಂಬ ಯೋಚನೆ ಬಂತು. ಅದರ ಬೆನ್ನಿಗೇ, ಆ ಕರಿ ನೀರಿನಲ್ಲೂ ಇವನಿಗೆ ಅನುಮಾನ ಬರಲಿಲ್ಲವಲ್ಲ ಎಂದೂ ಬಂತು. ಸಾರು ಬೇಕಾ ಎಂದು ಕೇಳಿದಳು. ಬೇಕು ಎಂದ.

ಫೋಟೋ ಅಂಗಡಿಯಲ್ಲೇ ಉಳಿಯಿತು. ಅಧ್ಯಕ್ಷರು ರಕ್ತದೊತ್ತಡದ ಗುಳಿಗೆಗೆ ಬಂದವರು ಅದನ್ನು ಕಂಡು, ಗೆರೆ ಡೊಂಕಾಗಿದೆ ಎಂದಷ್ಟೇ ಹೇಳಿ, ಮುಂದಿನ ತಿಂಗಳಿಂದ ಊರ ಆಚೆ ತುದಿಯ ಅಂಗಡಿಗೆ ಹೋಗತೊಡಗಿದರು. ಬಳಗ ಭಾನುವಾರದ ಕೂಟವನ್ನು ಡಾಕ್ಟರ ಮನೆಗೆ ವರ್ಗಾಯಿಸಿತು. ಗಂಡ ಅಲ್ಲಿಗೆ ಹೋಗುತ್ತಾನೆ, ಹೋಗದೆ ಇರಲಾರ. ಆದರೆ ಅಲ್ಲಿ ಚಹಾ ಬರುವುದು ತಡವಂತೆ, ಬಂದರೂ ತಣ್ಣಗಿರುತ್ತದಂತೆ. ನಾದಿನಿ ಒಂದೆರಡು ಸಲ ಬಂದು, ಅತ್ತಿಗೆ, ಕಲೆಯಲ್ಲಿ ಬಿಡುವುದೇ ಮುಖ್ಯ, ಇಡುವುದಲ್ಲ ಎಂದು ತಿಳಿಹೇಳಲು ನೋಡಿದಳು. ಸರಿ ಎಂದು ಚೆಕಿಂಗಮ್ಮ ಅವಳ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು.

ಸೂಪರ್ ಮಾತ್ರ ಭಾನುವಾರಗಳಂದು ಇಲ್ಲಿಗೇ ಬರುತ್ತಾನೆ. ಡಾಕ್ಟರ ಮನೆ ಅವನಿಗೆ ದೂರ ಎಂದು ಹೇಳುತ್ತಾನೆ, ದೂರವೇನಿಲ್ಲ. ಸೋಫಾದ ಒಂದು ತುದಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಾನೆ, ವಿಮೆಯ ಮಾತು ಎತ್ತುವುದಿಲ್ಲ. ಮೊನ್ನೆ ಸಂಕೋಚದಿಂದ ಫೋನು ಚಾಚಿ, ಹಿಮ ಬಿದ್ದ ಬೇಲಿಯ ಮೇಲೆ ಕೂತ ಕಾಗೆಯ ಫೋಟೋ ತೋರಿಸಿದ. ತಾನೇ ತೆಗೆದದ್ದಂತೆ. ಕಾಗೆಯ ಅರ್ಧ ದೇಹ ಅಂಚಿನಾಚೆ ಹೋಗಿತ್ತು. ಅವಳು ಕನ್ನಡಕ ಹಾಕಿಕೊಂಡು ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಚೆನ್ನಾಗಿಲ್ಲ," ಎಂದಳು.

ಅವನ ಮುಖದ ತುಂಬ ಒಂದು ನಗೆ ಹರಡಿತು. ಇನ್ನೂ ಇವೆ ಅಕ್ಕ ಎನ್ನುತ್ತ ಹತ್ತಿರಕ್ಕೆ ಸರಿದು ಕೂತು, ಬೆರಳಿನಿಂದ ಮುಂದಿನದನ್ನು ಎಳೆದ.